ಶಟ್ಟೆವ್ವನ ಶಿವದಾರ

ಸಾಲಹಳ್ಳಿ
9 ನವೆಂಬರ್ 2022, ಬುಧವಾರ

ಪ್ರೀತಿಯ ನಾಜಿಮಾ,

ನಿನಗೂ ಕಿತ್ತೂರಿನ ನಿನ್ನ ಮನೆಯವರಿಗೂ ಶರಣು. ಶ್ರಾವಣದಲ್ಲಿ ನೀನು ಬರೆದ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮೊಣಕಾಲು ನೋವು ಹೇಗಿದೆ? ಫೋನು ಮಾಡಬಹುದಿತ್ತು. ಆದರೆ ನಾಲ್ಕು ದಿನಗಳಿಂದ ನನ್ನ ಕಿಟಕಿಯ ಕೆಳಗೆ ಯಾರಾದರೊಬ್ಬರು ಬೈಕು ನಿಲ್ಲಿಸಿಕೊಂಡು ನಿಂತಿರುತ್ತಾರೆ. ನಾನೋ ಕಿವಿ ಮಂದವಾದವಳು, ಫೋನಿನಲ್ಲಿ ಕೂಗಿಯೇ ಮಾತಾಡುತ್ತೇನೆ. ಬರೆದರೆ ಸದ್ದಾಗುವುದಿಲ್ಲ.

ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಶಟ್ಟೆವ್ವ ನಿನಗೆ ಗೊತ್ತು. ಅವಳ ಎದೆಯ ಗಂಟು ಕ್ಯಾನ್ಸರ್ ಎಂದಾಗಿ, ಹುಣ್ಣು ಒಡೆದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ವೈದ್ಯರು ಕಳಿಸಿ ಏಳು ತಿಂಗಳಾಯಿತು. ಗಂಡ ತೀರಿದ ಮೇಲೆ ಅವಳಿಗೆ ದಿಕ್ಕು ಅಣ್ಣನ ಮಗ ಗೌರೀಶ. ಅವನು ವಾಸನೆ ತಾಳಲಾರದೆ ಅವಳ ಹಾಸಿಗೆಯನ್ನು ಹಿತ್ತಲಿನ ಹೊಟ್ಟಿನ ಕೋಣೆಗೆ ಹಾಕಿದ. ಊಟದ ತಾಟನ್ನು ಹೊಸ್ತಿಲಿನಿಂದ ಒಳಗೆ ತಳ್ಳುತ್ತಿದ್ದರು. ಊರಿನ ಅರ್ಧ ಮಕ್ಕಳು ಅವಳ ಕೈಯಡುಗೆ ಉಂಡು ಬೆಳೆದವರು. ಒಬ್ಬರೂ ಆ ಕೋಣೆಯೊಳಗೆ ಕಾಲಿಡಲಿಲ್ಲ.

ಕಾಲಿಟ್ಟವರು ಸ್ನೇಹಲ್ ಸಿಸ್ಟರ್. ನರ್ಸ್ ಕೆಲಸದಿಂದ ನಿವೃತ್ತರಾದ ಕ್ರಿಶ್ಚಿಯನ್ ಹೆಂಗಸು, ರಾಮದುರ್ಗದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿರುತ್ತಾರೆ. ದಿನ ಬಿಟ್ಟು ದಿನ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಉಪ್ಪುನೀರು ಕಾಯಿಸಿ ಗಾಯ ತೊಳೆದು, ಗುಳಿಗೆ ಪುಡಿ ಮಾಡಿ ಉದುರಿಸಿ, ಪಟ್ಟಿ ಕಟ್ಟುತ್ತಿದ್ದರು. ಆ ಪುಡಿಯಿಂದ ವಾಸನೆ ಅರ್ಧ ಇಳಿಯಿತು. ಆಮೇಲೆ ನಾನೂ ಹೋಗತೊಡಗಿದೆ. ಆಮೇಲೆ ಎಂಬುದನ್ನು ಗಮನಿಸು. ಶಟ್ಟೆವ್ವನ ನಾಲಿಗೆ ಮಾತ್ರ ಹಾಗೇ ಇತ್ತು. ಒಂದು ದಿನ, "ಸಿಸ್ಟರ, ನನ್ನ ಗಂಡನೂ ಇಷ್ಟ ಹತ್ರ ಕುಂತಿರಲಿಲ್ಲ ನೋಡ್ರಿ" ಎಂದಳು. ನಕ್ಕು ನಕ್ಕು ಮೂವರಿಗೂ ಕೆಮ್ಮು ಬಂತು.

ಮತ್ತೊಂದು ದಿನ ಅತ್ತಳು. ನಿಮ್ಮ ದೇವರಾದರೂ ನನ್ನ ಮಾತು ಕೇಳುತ್ತಾನೇನು ಎಂದು ಕೇಳಿದಳು. ಸಿಸ್ಟರ್ ಈಗ ಉಪದೇಶಕ್ಕೆ ತೊಡಗುತ್ತಾರೆಂದು ನಾನು ಮುಖ ಗಂಟಿಕ್ಕಿಕೊಂಡೆ. ಸಿಸ್ಟರ್ ಕೈಕೆಲಸ ಬಿಡದೆ ಹೇಳಿದರು: "ಬೈದ್ರೂ ಕೇಳ್ತಾನ್ರಿ ಅಕ್ಕಾರ. ಎಷ್ಟ ಸಿಟ್ಟ ಐತಿ ಅಷ್ಟೂ ಮೊದಲ ಬೈರಿ."

ಭಯದ ಸಂಗತಿಗೆ ಬರುತ್ತೇನೆ. ಕಳೆದ ವಾರ ಗೌರೀಶ ಹೊಟ್ಟು ತೆಗೆಯಲು ಕೋಣೆಗೆ ಹೋದಾಗ ಶಟ್ಟೆವ್ವನ ಕೊರಳಲ್ಲಿ ಲಿಂಗವಿರಲಿಲ್ಲ. ಲಿಂಗವಿಡುವ ಬೆಳ್ಳಿಯ ಕರಡಿಗೆ, ಅದನ್ನು ಕೊರಳಿಗೆ ಕಟ್ಟುವ ಶಿವದಾರ ಎರಡೂ ಗಾಯಕ್ಕೆ ಕಟ್ಟುವ ಬಿಳಿ ಪಟ್ಟಿಯಲ್ಲಿ ಸುತ್ತಿ ದಿಂಬಿನ ಪಕ್ಕದಲ್ಲಿದ್ದವು. ಹಾಗೆ ಸುತ್ತಿಟ್ಟವರು ಸಿಸ್ಟರೇ ಹೌದು. "ಸಿಟ್ಟ ಇಳದ ಮ್ಯಾಲೆ ಬೇಕಾಗ್ತದ, ನೆಲಕ್ಕ ಬೀಳಬಾರದು" ಎಂದು ಜೋಪಾನ ಮಾಡಿದ್ದರು. ಆದರೆ ಪಟ್ಟಿ ಆ ನರ್ಸಿನದು, ದಾರ ಬಿಚ್ಚಿದವಳೂ ಅವಳೇ, ಮತಾಂತರವೇ ಆಯಿತು ಎಂದು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಏಳು ತಿಂಗಳು ಶಟ್ಟೆವ್ವ ಬದುಕಿದ್ದಾಳೋ ಇಲ್ಲವೋ ಎಂದು ಕೇಳದವರಿಗೆ ಅವಳ ಧರ್ಮದ ಚಿಂತೆ ಹತ್ತಿತು.

ಶನಿವಾರ ಚಾವಡಿಯಲ್ಲಿ ಸಿಸ್ಟರನ್ನು ನಡುವೆ ನಿಲ್ಲಿಸಿದರು. ಹಿರಿಯ ನಿಜಗುಣಪ್ಪ, ಲಿಂಗ ಬಿಚ್ಚಿದವರು ಯಾರು ಎಂದು ಮೂರು ಸಲ ಕೇಳಿದ. ಸಿಸ್ಟರ್ ತಲೆ ಎತ್ತಿ, "ಬಿಚ್ಚಿದಾಕಿ ನಾ ಅಲ್ರಿ. ಯಾರಂತ ನಾ ಹೇಳಂಗಿಲ್ಲ" ಎಂದರು. ಜನ ನಕ್ಕರು. ದಾರ ತಾನೇ ಬಿಚ್ಚಿಕೊಂಡಿತೇನು ಎಂದು ಯಾರೋ ಕೂಗಿದರು. ಶಟ್ಟೆವ್ವನನ್ನೇ ಕೇಳಿ ಎಂದು ಸಿಸ್ಟರ್ ಅಂದದ್ದಕ್ಕೆ, ಅವಳಿಗೆ ಮಂಕು ಹಿಡಿಸಿದ್ದೀರಿ, ಅವಳ ಮಾತು ನಡೆಯುವುದಿಲ್ಲ ಎಂದ ಗೌರೀಶ. ಠಾಣೆಗೆ ದೂರು ಹೋಗಿದೆ. ಸೋಮವಾರ ಹೇಳಿಕೆ ಪಡೆಯುತ್ತಾರಂತೆ. ಮೊಕದ್ದಮೆಯಾದರೆ ಸಿಸ್ಟರ್ ಜೈಲಿಗೆ. ರಾಮದುರ್ಗದ ಕೋರ್ಟಿನ ವಕೀಲರೊಬ್ಬರು ಅವರ ಪರ ನಿಂತಿದ್ದಾರಂತೆ. ಈಗಲೇ ಅವರು ಊರಿಗೆ ಕಾಲಿಡುವಂತಿಲ್ಲ. ಶಟ್ಟೆವ್ವನ ಪಟ್ಟಿ ಬಿಚ್ಚಿ ತೊಳೆದು ಐದು ದಿನವಾಯಿತು.

ನಿಮ್ಮ ತಂದೆ ದಸ್ತಗೀರಸಾಬರ ಅಂಗಡಿಯ ಮುಂದೆ ಸುಳ್ಳು ಸುದ್ದಿಗೆ ಜನ ಸೇರಿದ್ದು ನಾನು ಮರೆತಿಲ್ಲ. ನಮ್ಮಪ್ಪನಿಗೆ ನಿಜ ಗೊತ್ತಿತ್ತು, ಕಟ್ಟೆ ಬಿಟ್ಟು ಏಳಲಿಲ್ಲ. ಅದಕ್ಕಾಗಿ ನಾನು ಅವನೊಂದಿಗೆ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ.

ಮಕ್ಕಳಿಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನೀನು ನಮಾಜಿಗೆ ಕುಳಿತಾಗ ಶಟ್ಟೆವ್ವನ ಹೆಸರೂ ನೆನೆ. ದೇವರು ನಿನ್ನನ್ನು ಚೆನ್ನಾಗಿಡಲಿ.

ನಿನ್ನ,
ಅನ್ನಪೂರ್ಣಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಶಿವದಾರ ಬಿಚ್ಚಿದವಳು ನಾನು. "ಶಿವ ನನ್ನ ವಾಸನಿ ತಾಳಲಾರದ ಎಂದೋ ಎದ್ದು ಹೋಗ್ಯಾನ. ಬರೇ ಕರಡಿಗಿ ಹೊತ್ತು ಏನ ಮಾಡ್ಲಿ, ಬಿಚ್ಚ ಟೀಚರ" ಎಂದು ಶಟ್ಟೆವ್ವ ನನ್ನ ಕೈ ಹಿಡಿದು ಬೇಡಿದಳು. ದಾರ ಹುಣ್ಣಿಗೆ ಉಜ್ಜುತ್ತಲೂ ಇತ್ತು. ಅವಸರ ಮಾಡಬೇಡಿ ಎಂದು ತಡೆದವರು ಸಿಸ್ಟರ್. ನಾನೇ ಗಂಟು ಬಿಚ್ಚಿದೆ.

ಚಾವಡಿಯಲ್ಲಿ ನಾನು ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ಸಿಸ್ಟರ್ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ, ನೋಡಿದರೆ ಜನಕ್ಕೆ ಗೊತ್ತಾದೀತೆಂದು. ಮೂವತ್ತು ವರ್ಷ ಪತ್ರಿಕೆಗಳಿಗೆ ನ್ಯಾಯದ ಪತ್ರ ಬರೆದ ನಾನು ಬಾಯಿ ಬಿಡಲಿಲ್ಲ. ಗೌರೀಶ ದೂರಿನ ಕಾಗದ ಮುಂದೆ ಹಿಡಿದು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ: "ಟೀಚರ್ರ, ನೀವು ಒಬ್ಬಾಕಿನ ಇರತೀರಿ. ಮನಿನೂ ಊರ ಕಡೀಗೈತಿ." ದೂರಿನಲ್ಲಿ ಮೂರನೆಯ ಸಹಿ ನನ್ನದು.

ಮರುದಿನ ತಡೆಯಲಾರದೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಸಿಸ್ಟರಿಗೆ ಫೋನು ಮಾಡಿ ಅತ್ತೆ. ಅವರು ಸಹಿಯ ಮಾತೇ ಎತ್ತಲಿಲ್ಲ. "ಅಂಜಿಕಿ ಎಲ್ಲಾರಿಗೂ ಇರತದ್ರಿ. ಉಪ್ಪುನೀರ ಹೆಂಗ ಕಾಸೂದು ಹೇಳ್ತೇನಿ, ಬರಕೋರಿ" ಎಂದರು. ಬರೆದುಕೊಂಡೆ. ಇನ್ನೂ ಹೋಗಿಲ್ಲ.

ಸೋಮವಾರ ನಿಜ ಹೇಳಬೇಕೆಂದಿದ್ದೇನೆ. ಆದರೆ ನನ್ನ ಮೇಲೆ ನನಗೆ ನಂಬಿಕೆ ಹೋಗಿದೆ, ನಾಜಿಮಾ. ಅದಕ್ಕೇ ಇದನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಿಜ ಹೇಳಿದೆನೆಂದು ಸೋಮವಾರ ಸಂಜೆಯೊಳಗೆ ನನ್ನಿಂದ ಸುದ್ದಿ ಬರದಿದ್ದರೆ, ನಾನು ಎಷ್ಟೇ ಬೇಡವೆಂದರೂ, ಈ ಪತ್ರವನ್ನು ಸಿಸ್ಟರ ವಕೀಲರ ಕೈಗೆ ಕೊಟ್ಟುಬಿಡು.