ಅನಸೂಯತ್ತೆಯ ರುಜು

೧೪ ನವೆಂಬರ್, ಗುರುವಾರ

ಇವತ್ತೂ ಅನಸೂಯತ್ತೆಯ ಹಾಲನ್ನು ಡೇರಿಯಲ್ಲಿ ಹಾಕಿಸಿಕೊಳ್ಳಲಿಲ್ಲ. "ಡಿಗ್ರಿ ಬರ್ತಿಲ್ಲ, ಹಾಲು ನೀರಾಗಿದೆ" ಅಂದರಂತೆ. ಮೂರು ದಿನದಿಂದ ಇದೇ ಮಾತು. ಸಾಕ್ಷ್ಯಚಿತ್ರದವರ ಕ್ಯಾಮೆರಾ ಮುಂದೆ ಅತ್ತೆ ಹೇಳಿದ್ದು ಊರಿಗೆಲ್ಲ ಗೊತ್ತಾಗಿದೆ, ಅದಕ್ಕೇ ಈ ಸಿಟ್ಟು.

ಡೇರಿ ಚುನಾವಣೆಗೆ ನಾಮಪತ್ರ ಹಾಕಿದ್ದ ಅವರನ್ನು ಊರ ದೊಡ್ಡವರು ಕರೆದು ಕೂರಿಸಿ, ಓದಿ ಹೇಳದೆಯೇ ವಾಪಸಾತಿ ಕಾಗದಕ್ಕೆ ರುಜು ಹಾಕಿಸಿದ್ದರು. ಆಮೇಲೆ ಅವಿರೋಧ ಆಯ್ಕೆ ಎಂದು ಅವರ ಕಡೆಯವನಿಗೆ ಹಾರ ಬಿತ್ತು. ಮುರಳಿಮೋಹನ್ ಸರ್ ತೆಗೆದ ಆ ಸಾಕ್ಷ್ಯಚಿತ್ರದ ಜೀವಾಳವೇ ಅದು. ಅತ್ತೆಯ ತೆಲುಗು ಬೆರೆತ ಮಾತನ್ನು ಬರೆದುಕೊಟ್ಟವಳು ನಾನು. ಮುಂದಿನ ವಾರ ಮುಳಬಾಗಿಲಿನಲ್ಲಿ ಪ್ರದರ್ಶನ.

ಸಂಜೆ ಅತ್ತೆ ಹಾಲಿನ ಕ್ಯಾನು ಹಿಡಿದೇ ಬಂದರು. "ಆ ಸಿನಿಮಾದಿಂದ ನನ್ ಮುಖ ತೆಗ್ಸಿಬಿಡು ಕಣೇ ಸಹನ."

"ಸಿನಿಮಾದಲ್ಲಿ ತೋರ್ಸೋಕೆ ಒಪ್ಕೊಂಡು ರುಜು ಹಾಕಿದ್ರಲ್ಲ ಅತ್ತೆ?"

"ನೀನು ಬೆರಳಿಟ್ಟು ತೋರ್ಸಿದ ಕಡೆ ಹಾಕ್ದೆ. ಊರ ದೊಡ್ಡೋರೂ ಹಂಗೇ ತೋರ್ಸಿದ್ರು. ಓದ್ದೋರ್ಗೆಲ್ಲ ನನ್ ರುಜು ಮೇಲೆ ಭಾರಿ ಆಸೆ ಬಿಡು" ಅಂತ ನಕ್ಕರು.

ನನಗೆ ನಗು ಬರಲಿಲ್ಲ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಸಂಕೋಚಕ್ಕೋ ಅವಸರಕ್ಕೋ, ನಾನೂ ಓದಿ ಹೇಳಿರಲಿಲ್ಲ.

ಸರ್‌ಗೆ ಫೋನ್ ಮಾಡಿದೆ. "ಅವರಿಲ್ದೆ ಸಿನಿಮಾನೇ ಇಲ್ಲಮ್ಮ. ಪ್ರಜಾಪ್ರಭುತ್ವದ ಪ್ರಶ್ನೆ ಇದು" ಅಂದರು. ಯಾರಿಗೂ ಎದುರಾಡದ ನಾನು "ಅವ್ರು ಬೇಡ ಅಂತಿದಾರೆ ಸರ್" ಅಂದೆ. ಅವರು ಫೋನ್ ಇಟ್ಟರು.

ನಾಳೆ ಅತ್ತೆಗೆ ಓದಿ ಹೇಳಲೆಂದು ಆ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಾ ಕೂತಿದ್ದೇನೆ. ಏಳನೇ ಸಾಲಿಗೆ ಬಂದೆ. "ಒಮ್ಮೆ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವಂತಿಲ್ಲ" ಎಂದಿದೆ. ಇದನ್ನು ಅವರ ಮುಖ ನೋಡಿಕೊಂಡು ಹೇಗೆ ಓದಿ ಹೇಳಲಿ?