ದೊಡ್ಡವರ ಕ್ಲಿನಿಕ್ಕಿಗೆ ಹೋದೆ, ಅಕ್ಕಾ

ಪ್ರೀತಿಯ ಸಾದಿಯಾ ಅಕ್ಕಾ,

ಹೋದೆ ಅಕ್ಕಾ, ಕೊನೆಗೂ ದೊಡ್ಡವರ ಸಕ್ಕರೆ ಕಾಯಿಲೆ ಕ್ಲಿನಿಕ್ಕಿಗೆ ನಾನಾಗಿಯೇ ಹೋಗಿಬಂದೆ! ಅಯ್ಯೋ, ಇನ್ನೊಂದು ಸುದ್ದಿ ಮೊದಲು ಹೇಳಬೇಕಿತ್ತು: ಹೋದ ತಿಂಗಳು ನನ್ನ ಮದುವೆಯಾಯಿತು. ಹುಡುಗನ ಹೆಸರು ಫಿರ್ದೌಸ್. ನಕ್ಕರೆ ಅವನ ಕಣ್ಣೇ ಕಾಣಿಸುವುದಿಲ್ಲ, ಅದಕ್ಕೇ ದಿನವಿಡೀ ನಗಿಸುತ್ತಿರುತ್ತೇನೆ. ನಿಮ್ಮನ್ನು ಕರೆಯಲಿಲ್ಲ. ಮರೆತು ಅಲ್ಲ, ನಾಚಿಕೆಯಿಂದ.

ಏಳನೇ ವಯಸ್ಸಿನಲ್ಲಿ ತೈಪಿಂಗ್‌ನ ಮಕ್ಕಳ ವಾರ್ಡಿನಲ್ಲಿ ನನ್ನ ಕೈಗೆ ಇನ್ಸುಲಿನ್ ಸೂಜಿ ಕೊಟ್ಟು ಚುಚ್ಚಿಕೊಳ್ಳಲು ಕಲಿಸಿದ ನರ್ಸು ನೀವು. ಡಾಕ್ಟರು ಏನು ಕೇಳಿದರೂ ಅಮ್ಮನೇ ಉತ್ತರ ಹೇಳುತ್ತಿದ್ದಳು. ನಾನು ಗೋಡೆಯ ಮೇಲಿನ ಜಿರಾಫೆ ನೋಡುತ್ತಾ ಕೂರುತ್ತಿದ್ದೆ. ಹದಿನೆಂಟು ತುಂಬಿದ ವಾರ ನೀವು ಅಂಟಿಸಿದ ಲಕೋಟೆಯೊಂದನ್ನು ಕೊಟ್ಟು, "ಹೋಗೇ ಝುಲೈಕಾ, ಮಕ್ಕಳ ಮಂಚದಲ್ಲಿ ನಿನ್ನ ಕಾಲೇ ಹಿಡಿಸ್ತಿಲ್ಲ. ಇದನ್ನ ದೊಡ್ಡೋರ ಡಾಕ್ಟರಿಗೆ ಕೊಡು" ಅಂದಿರಿ. ಎಲ್ಲರೂ ನಕ್ಕರು. ನನಗೆ ಮಾತ್ರ ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ಕ್ವಾಲಾಲಂಪುರಕ್ಕೆ ಓದಲು ಬಂದೆ, ಲಕೋಟೆಯನ್ನು ಬಟ್ಟೆಯ ಕೆಳಗೆ ಇಟ್ಟೆ. ನಾಲ್ಕು ವರ್ಷ ಯಾವ ಡಾಕ್ಟರನ್ನೂ ನೋಡಲಿಲ್ಲ. ಔಷಧಿ ಅಂಗಡಿಯಲ್ಲಿ ಇನ್ಸುಲಿನ್ ಕೊಂಡು, ಅಂದಾಜಿನಲ್ಲೇ ಚುಚ್ಚಿಕೊಂಡೆ.

ಮದುವೆಯ ದಿನ ಅಂದಾಜು ಕೈಕೊಟ್ಟಿತು. ಊಟದ ಹೊತ್ತು ಬಂತೆಂದು ಇನ್ಸುಲಿನ್ ತಗೊಂಡೆ. ತಮಟೆಯವರ ಜೊತೆ ಗಂಡಿನ ದಿಬ್ಬಣ ಬಂದದ್ದು ಒಂದು ಗಂಟೆ ತಡವಾಗಿ. ಮದುಮಗಳು ಪೀಠದ ಮೇಲೆ ಗೊಂಬೆಯಂತೆ ಕೂರಬೇಕು ತಾನೇ? ಹಿರಿಯರು ಸಾಲಾಗಿ ಬಂದು ಪನ್ನೀರು ಚಿಮುಕಿಸುತ್ತಿದ್ದರು. ಊಟವಿಲ್ಲದೆ ಸಕ್ಕರೆ ಇಳಿದು ನಾನು ಬೆವರಿ ನಡುಗುತ್ತಿದ್ದೆ. "ನೋಡ್ರೇ, ಎಷ್ಟು ನಾಚ್ಕೋತಾಳೆ!" ಎಂದು ಅತ್ತೆಯ ತಂಗಿ ನಗುತ್ತಿದ್ದರು. ಫಿರ್ದೌಸ್ ಪಿಸುಗುಟ್ಟಿದ: "ಏನಾಯ್ತು?" "ಚೆನ್ನಾಗಿದ್ದೀನಿ" ಅಂದೆ. ಅವನು ನಂಬಲಿಲ್ಲ. ಎದ್ದುಹೋಗಿ ಗುಲಾಬಿ ಶರಬತ್ತು ತಂದು ಎಲ್ಲರೆದುರೇ ಕುಡಿಸಿದ. "ಗಂಡಿಗೆ ಇಷ್ಟೂ ತಡಿಯಕ್ಕಾಗಲ್ವೇನಪ್ಪಾ!" ಎಂದು ಮಂಟಪವೆಲ್ಲ ಹೋ ಎಂದಿತು.

ಮರುದಿನ ಅವನು ನಗಲಿಲ್ಲ. "ನೀನು ಬಿದ್ದಿದ್ರೆ ನಾನೇನು ಮಾಡ್ಬೇಕಿತ್ತು? ಯಾರೂ ಹೇಳ್ಕೊಟ್ಟಿಲ್ಲ. ನೀನೂ ಹೇಳಿಲ್ಲ" ಅಂದ. ಅವತ್ತೇ ಲಕೋಟೆ ಹುಡುಕಿದೆ.

ಕ್ಲಿನಿಕ್ಕಿನಲ್ಲಿ ಎಲ್ಲರೂ ಅಜ್ಜ ಅಜ್ಜಿಯರು. ನರ್ಸು ನನ್ನನ್ನು ನೋಡಿ, "ಯಾರ ಜೊತೆ ಬಂದಿದ್ದೀರಿ?" ಅಂದರು. "ನನ್ನ ಜೊತೆನೇ" ಅಂದೆ. ಪಕ್ಕದ ಅಜ್ಜಿಗೆ ಕನಿಕರ: "ಇಷ್ಟು ಚಿಕ್ಕ ವಯಸ್ಸಿಗೇನಾ? ಮಿಠಾಯಿ ಜಾಸ್ತಿ ತಿಂದೆಯೇನೇ ಮಗಳೇ?" ಬೇಸರವಾಗಲಿಲ್ಲ ಅಕ್ಕಾ, ಅವರ ಕೈಚೀಲದಲ್ಲೇ ಮೂರು ಥರದ ಬಿಸ್ಕತ್ತಿತ್ತು!

ಡಾಕ್ಟರ್ ಯಿಯೋ ಹೇಗಿದ್ದೀರಿ ಅಂದಾಗ ಅಮ್ಮನಿಗಾಗಿ ಪಕ್ಕಕ್ಕೆ ತಿರುಗಿದೆ; ಕುರ್ಚಿ ಖಾಲಿ. "ಚೆನ್ನಾಗಿದ್ದೀನಿ" ಅಂದೆ. ಅವರು ಲಕೋಟೆ ಒಡೆದರು, ಓದಿದರು, ಕೊನೆಯ ಸಾಲನ್ನು ನನ್ನ ಕಡೆ ತಿರುಗಿಸಿ ಹಿಡಿದರು. ನಿಮ್ಮ ಅಕ್ಷರ: "ಕೇಳಿದರೆ ಚೆನ್ನಾಗಿದ್ದೀನಿ ಅನ್ನುತ್ತಾಳೆ. ದಯವಿಟ್ಟು ಇನ್ನೊಂದು ಸಲ ಕೇಳಿ."

ಅವರು ಇನ್ನೊಂದು ಸಲ ಕೇಳಿದರು. ನಾನು ಅತ್ತೂ ಅತ್ತೂ ಎಲ್ಲ ಹೇಳಿದೆ. ನಾಲ್ಕು ವರ್ಷ ನೀವು ನನ್ನ ಬಟ್ಟೆಗಳ ಕೆಳಗೇ ಇದ್ದಿರಲ್ಲ ಅಕ್ಕಾ, ನಾನು ನಿಮ್ಮನ್ನು ಬೈದುಕೊಂಡೇ ಕಳೆದೆ.

ಮೂರು ತಿಂಗಳ ಸರಾಸರಿ ಸಕ್ಕರೆ ಶೇಕಡಾ ಒಂಬತ್ತು ದಾಟಿದೆ. ನಮಗೆ ಮಗು ಬೇಕು. ಅದಕ್ಕೂ ಮೊದಲು ಇದು ಆರೂವರೆಗೆ ಇಳಿಯಬೇಕು ಅಂದರು ಡಾಕ್ಟರು. ಇಳಿಸುತ್ತೇನೆ. ಮುಂದಿನ ತಾರೀಖು ನಾನೇ ಬರೆಸಿಕೊಂಡೆ. ನಾನು ಎಚ್ಚರ ತಪ್ಪಿದರೆ ಕೊಡುವ ಇಂಜೆಕ್ಷನ್ ಒಂದಿದೆಯಲ್ಲ, ಅದನ್ನು ಫಿರ್ದೌಸ್‌ಗೆ ನಿಮ್ಮ ಕೈಯಿಂದಲೇ ಕಲಿಯಬೇಕಂತೆ. ಬೈಯುವುದಿದ್ದರೆ ಅವನೆದುರೇ ಬೈಯಿರಿ, ಅವನಿಗೂ ತಿಳಿದಿರಲಿ.

ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ. ಬರುವ ಶನಿವಾರ, ಬಟರ್‌ವರ್ತ್ ಕಡೆಗೆ ಹೊರಡುವ ಬೆಳಗಿನ ಮೊದಲ ರೈಲಿನಲ್ಲಿ ಬಂದು ತೈಪಿಂಗ್‌ನಲ್ಲಿ ಇಳಿಯುತ್ತೇವೆ, ಇಬ್ಬರೂ.

ನಿಮ್ಮ ಝುಲೈಕಾ