ಊಟದ ಪುಸ್ತಕದಲ್ಲಿ ಹೆಸರಿಲ್ಲದ ರೋಗಿ

ಉಪಾಧ್ಯಾಯರ ಆರೋಗ್ಯ ವಿಮಾ ನಿಧಿಯ ವ್ಯವಸ್ಥಾಪಕರಿಗೆ

ಮಾನ್ಯರೇ,

ನನ್ನ ಹೆಂಡತಿ ಕನಕಲಕ್ಷ್ಮಿ ಕಳೆದ ಮಾಘಮಾಸದಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಬಾಯಿಯ ಕ್ಯಾನ್ಸರಿಗೆ ರೇಡಿಯಂ ಚಿಕಿತ್ಸೆ ಪಡೆದಳು. ಆದರೆ ಆಗ ಅವಳು ಆಸ್ಪತ್ರೆಯ ಒಳರೋಗಿಯಾಗಿ ಇರಲೇ ಇಲ್ಲವೆಂದು ತಾವು ತೀರ್ಮಾನ ಮಾಡಿ, ನಮ್ಮ ಅರ್ಜಿಯನ್ನು ತಳ್ಳಿಹಾಕಿದ್ದೀರಿ. ಕಾರಣ, ಅವಳು ಆಸ್ಪತ್ರೆಯ ಊಟ ಮಾಡಲಿಲ್ಲ. ಆಸ್ಪತ್ರೆಯಲ್ಲಿ ತಂಗಿ ಅಲ್ಲಿಯ ಆಹಾರವನ್ನು ಸ್ವೀಕರಿಸಿದವರೇ ಒಳರೋಗಿಗಳು ಎಂದು ತಮ್ಮ ನಿಧಿಯ ನಿಯಮ ಹೇಳುತ್ತದೆಯಂತೆ. ತಾವು ಆಸ್ಪತ್ರೆಯ ಊಟದ ಪುಸ್ತಕ ತರಿಸಿ ನೋಡಿದಿರಂತೆ. ಅದರಲ್ಲಿ ಕನಕಲಕ್ಷ್ಮಿ ಎಂಬ ಹೆಸರಿಲ್ಲವಂತೆ. ಕೆನ್ನೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದವಳನ್ನು ಅನ್ನದ ಲೆಕ್ಕದಲ್ಲಿ ಹುಡುಕಿದ ತಮ್ಮ ಜಾಣತನಕ್ಕೆ ಏನು ಹೇಳಲಿ? ಈ ಬಗ್ಗೆ ತಮಗೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ಇದನ್ನು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನಾಲ್ಕು ಜನರ ಎದುರಿಗೆ ಕೇಳಿದರೆ ತಮಗೆ ಕೇಳಿಸೀತು ಎಂಬ ಆಸೆ.

ನಾನು ಹಳೇಬೀಡಿನ ಮಾಧ್ಯಮಿಕ ಶಾಲೆಯ ಮೇಷ್ಟ್ರು. ಕನಕಳ ತಂದೆ ಬೇಲೂರಿನಲ್ಲಿ ದೇವಸ್ಥಾನದ ಅಡುಗೆಮನೆಯಲ್ಲಿ ನೈವೇದ್ಯ ಬೇಯಿಸುತ್ತಿದ್ದವರು. ಮಡಿಯಲ್ಲಿ ಮಾಡಿದ್ದನ್ನಲ್ಲದೆ ಬೇರೇನನ್ನೂ ಅವಳು ಹುಟ್ಟಿದಾಗಿನಿಂದ ಬಾಯಿಗೆ ಹಾಕಿದವಳಲ್ಲ. ಮದುವೆಮನೆಗೆ ಹೋದರೂ ಅಡುಗೆಯವರು ಯಾರೆಂದು ವಿಚಾರಿಸಿಯೇ ಎಲೆಯ ಮುಂದೆ ಕೂರುತ್ತಿದ್ದಳು. ನಾನು ಹೋಟೆಲಿನ ದೋಸೆ ತಿಂದು ಬಂದ ದಿನ ನನ್ನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಇದು ಸರಿಯೇ ಎಂದು ತಾವು ಕೇಳಬಹುದು. ನಮ್ಮ ಮನೆಯಲ್ಲಿ ಅದರ ಮೇಲೆ ನಡೆದಷ್ಟು ಜಗಳ ಬೇರಾವುದರ ಮೇಲೂ ನಡೆದಿಲ್ಲ, ಗೆದ್ದದ್ದು ಯಾವಾಗಲೂ ಅವಳೇ. ಆದರೆ ಮಡಿ ಮಾಡುವವರಿಗೆ ಕ್ಯಾನ್ಸರ್ ಬರುವುದಿಲ್ಲವೆಂದು ತಮ್ಮ ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲ. ಹಾಗೆ ಬರೆದಿದ್ದರೆ ಪ್ರತಿ ತಿಂಗಳೂ ನನ್ನ ಸಂಬಳದಲ್ಲಿ ನಿಧಿಗೆಂದು ಹಿಡಿದುಕೊಳ್ಳುವಾಗ ನಾನು ಎಚ್ಚರವಾಗಿರುತ್ತಿದ್ದೆ.

ಕೆನ್ನೆಯ ಒಳಗೆ ಹುಣ್ಣಾದಾಗ ವೀಳ್ಯಕ್ಕೆ ಸುಣ್ಣ ಹೆಚ್ಚಾಗಿ ಸುಟ್ಟಿರಬೇಕೆಂದು ತುಪ್ಪ ಹಚ್ಚಿಕೊಂಡು ಕೂತಳು. ಹುಣ್ಣು ಗಂಟಾಯಿತು, ಗಂಟು ದವಡೆಯನ್ನು ಬಿಗಿಯಿತು. ಹಾಸನದ ಡಾಕ್ಟರು ನೋಡಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಅವಳ ಕೆನ್ನೆಗೆ ರೇಡಿಯಂ ಸೂಜಿಗಳನ್ನು ಹಾಕಿ, ಬೇರೆ ವಾರ್ಡಿನಲ್ಲಿ ಮಲಗಿಸಿದರು. ಹತ್ತಿರ ಯಾರೂ ಹೋಗುವಂತಿಲ್ಲ. ನಾನು ಆಸ್ಪತ್ರೆಯ ಹಿಂದಿನ ಛತ್ರದಲ್ಲಿ ಸೀಮೆಎಣ್ಣೆ ಸ್ಟೌವ್ ಇಟ್ಟುಕೊಂಡು ಗಂಜಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ವಾರ್ಡಿನ ಬಾಗಿಲಿಗೆ ಒಯ್ಯುತ್ತಿದ್ದೆ. ನರ್ಸಮ್ಮ ಅದನ್ನು ತೆಗೆದುಕೊಂಡು ಒಳಲೆಯಲ್ಲಿ ಕುಡಿಸುತ್ತಿದ್ದರು. ನಮ್ಮ ಮಕ್ಕಳಿಗೆ ಹಾಲು ಕುಡಿಸಿದ ಅದೇ ಒಳಲೆ. ಕನಕ ಮಾತಾಡುವಂತಿರಲಿಲ್ಲ. ಶಾಲೆಯಿಂದ ಒಂದು ಸ್ಲೇಟು ತಂದುಕೊಟ್ಟಿದ್ದೆ. ಮೊದಲನೆಯ ದಿನ ಗಂಜಿ ಕುಡಿದವಳು ಬರೆದು ಬಾಗಿಲಿನತ್ತ ಎತ್ತಿ ತೋರಿಸಿದಳು: "ಸೀದಿದೆ." ಮಾರನೆಯ ದಿನ: "ಉಪ್ಪು ಹೆಚ್ಚು." ಅದರ ಮಾರನೆಯ ದಿನ: "ಉಪ್ಪೇ ಇಲ್ಲ." ದೇವರ ಅಡುಗೆಯವರ ಮಗಳಿಗೆ ಗಂಜಿ ಮಾಡಿ ಮೆಚ್ಚಿಸುವುದು ನನ್ನಿಂದ ಕೊನೆಗೂ ಆಗಲಿಲ್ಲ. ಆ ಸ್ಲೇಟಿನ ಮೇಲಿನ ಬೈಗುಳಕ್ಕಾಗಿಯೇ ನಾನು ಬೆಳಗಾಗುವುದನ್ನು ಕಾಯುತ್ತಿದ್ದೆ. ಬೈಯುವಷ್ಟು ದಿನ ಇದ್ದಾಳೆ ಎಂದು ಧೈರ್ಯವಾಗುತ್ತಿತ್ತು.

ಈಗ ಹೇಳಿ, ರೇಡಿಯಂ ಎಂದರೇನು? ಆಸ್ಪತ್ರೆಯವರು ಅದನ್ನು ಬಂಗಾರಕ್ಕಿಂತ ಜೋಪಾನವಾಗಿ ಬೀಗ ಹಾಕಿ ಇಡುತ್ತಾರೆ. ಒಂದು ಸೂಜಿ ಕಾಣದಿದ್ದರೆ ಕಸದ ತೊಟ್ಟಿಯನ್ನೂ ಶೋಧಿಸುತ್ತಾರೆ. ಅಂಥ ಸೂಜಿಗಳನ್ನು ಕೆನ್ನೆಯಲ್ಲಿಟ್ಟುಕೊಂಡ ಹೆಂಗಸನ್ನು, "ಹೋಗಮ್ಮಾ, ಪೇಟೆ ಸುತ್ತಿಕೊಂಡು ಬಾ" ಎಂದು ಹೊರಗೆ ಕಳಿಸುತ್ತಾರೆಯೇ? ತಮ್ಮ ಲೆಕ್ಕದ ಪ್ರಕಾರ ಕಳಿಸಿರಬೇಕು. ಅವಳು ಒಳಗಿರಲಿಲ್ಲ ಎಂದ ಮೇಲೆ ಹೊರಗಿದ್ದಳು, ಅಲ್ಲವೇ? ಡಾಕ್ಟರು ಕೊಟ್ಟ ಪ್ರಮಾಣಪತ್ರ ತಮಗೆ ಸಾಲದು, ಅವರು ಚಿಕಿತ್ಸೆ ಮಾಡಿದವರು ಮಾತ್ರ. ತಮಗೆ ಬೇಕಾದದ್ದು ಗಂಜಿ ಬಡಿಸಿದವರ ಸಾಕ್ಷಿ.

ಅದಕ್ಕೂ ಹೊರಟೆ. ಕನಕಳ ಪಕ್ಕದ ಮಂಚದಲ್ಲಿ ಅದೇ ಚಿಕಿತ್ಸೆಗೆ ಬಂದಿದ್ದವರು ಗಂಡಸಿ ಎಂಬ ಊರಿನ ಗುರುಸಿದ್ದಮ್ಮ. ಅವರ ಮನೆ ಹುಡುಕಿಕೊಂಡು ಹೋಗಿ ತಮ್ಮ ತೀರ್ಮಾನ ತಿಳಿಸಿದೆ. ಕೊಬ್ಬರಿ ಒಣಹಾಕುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

"ಅಯ್ಯೋ ಬಿಡಿ ಸ್ವಾಮಿ, ಆಯಮ್ಮ ನನ್ ಮಗ್ಗುಲಲ್ಲೇ ಮಲಗಿದ್ರು. ರಾತ್ರಿಯೆಲ್ಲ ನರಳೋದು ಕೇಳಿಸ್ಕೊಂಡಿವ್ನಿ. ಊಟದೋರು ಬಂದ್ರೆ ಕೈ ಆಡಿಸಿ ನನ್ ಕಡೆ ತೋರೋರು. ಅವ್ರ ಪಾಲಿನ ಗಂಜೀನೂ ನಂಗೇ ಹುಯ್ದ್ರು. ಬೇಕಾದ್ರೆ ಆ ಪುಸ್ತಕ್ದಲ್ಲಿ ನನ್ ಹೆಸ್ರು ಎರಡು ಕಿತ ಐತೇನೋ ನೋಡ್ಕೊಳ್ಳಿ ಅನ್ನಿ. ಎಲ್ಲಿಗ್ ಬರ್ಬೇಕು ಹೇಳಿ, ಬಂದು ಹೇಳ್ತೀನಿ."

ಅವರ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡು ಅರಸೀಕೆರೆಯ ತಮ್ಮ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರ ಹೆಸರು ಬರೆಯುವುದಿಲ್ಲ, ಒಳ್ಳೆಯ ಮನುಷ್ಯ, ಕೆಲಸ ಉಳಿಯಲಿ. ಅವರು ದನಿ ತಗ್ಗಿಸಿ, "ನಾನೇನ್ ಮಾಡ್ಲಿ ಮೇಷ್ಟ್ರೇ? ನಿಮ್ಮ ಮನೆಯವರು ಒಂದು ಲೋಟ ಗಂಜಿ ತಗೊಂಡಿದ್ರೂ ಸಾಕಾಗ್ತಿತ್ತು" ಎಂದರು.

"ಬಾಯೇ ತೆರೆಯೋಕೆ ಆಗ್ತಿರ್ಲಿಲ್ಲ ಕಣ್ರೀ ಅವಳಿಗೆ."

"ಕುಡೀಲೇಬೇಕು ಅಂತ ಯಾರು ಹೇಳಿದ್ರು? ಬರೆಸಿಕೊಂಡು ಚೆಲ್ಲಿದ್ರೆ ಆಗ್ತಿತ್ತು."

ಬಸ್ಸಿನಲ್ಲಿ ಜಾವಗಲ್ ದಾಟುವ ತನಕ ಆ ಮಾತೇ ಕಿವಿಯಲ್ಲಿತ್ತು. ಊಟವನ್ನು ಬರೆಸಿ ಮೋರಿಗೆ ಚೆಲ್ಲಿದವರು ತಮ್ಮ ನಿಧಿಗೆ ರೋಗಿಗಳು. ತನಗೆ ಬೇಡವೆಂದು ಪಕ್ಕದವರಿಗೆ ಬಿಟ್ಟುಕೊಟ್ಟವಳು ಮೋಸಗಾತಿ. ಮಕ್ಕಳಿಗೆ ನೀತಿಪಾಠ ಹೇಳುವ ಕೆಲಸ ನನ್ನದು. ಈ ಪಾಠವನ್ನು ಯಾವ ತರಗತಿಗೆ ಹೇಳಲಿ, ಅಪ್ಪಣೆಯಾಗಲಿ.

ಇನ್ನೊಂದು ವಿಷಯವನ್ನು ತಮಗೆ ನೆನಪು ಮಾಡಿಕೊಡಬೇಕು. ವೈಶಾಖದಲ್ಲಿ ತಾವೇ ಖುದ್ದಾಗಿ ತನಿಖೆಗೆಂದು ಹಳೇಬೀಡಿಗೆ ದಯಮಾಡಿಸಿದ್ದಿರಿ. ದೇವಸ್ಥಾನ ನೋಡಿ, ಬಸ್ತಿಹಳ್ಳಿಯ ಬಸದಿಗಳನ್ನೂ ನೋಡಿ, ಬಿಸಿಲೇರಿದ ಮೇಲೆ ನಮ್ಮ ಮನೆಗೆ ಬಂದಿರಿ. ಕನಕ ಎದ್ದು, ಗೋಡೆ ಹಿಡಿದುಕೊಂಡೇ ಒಳಗೆ ಹೋಗಿ ತಮಗೆ ಕಾಫಿ ಮಾಡಿ ತಂದಳು. ತಾವು ಕೈ ಮುಗಿದು, "ಕ್ಷಮಿಸಬೇಕು ತಾಯಿ, ನಾನು ಹೊರಗಡೆ ಏನೂ ತಗೊಳ್ಳೋದಿಲ್ಲ. ಮನೆಯಿಂದಲೇ ತಂದಿದ್ದೀನಿ" ಎಂದಿರಿ. ನಮ್ಮ ಜಗಲಿಯ ಮೇಲೆ ಕೂತು ತಮ್ಮದೇ ಕೂಜದ ನೀರು ಕುಡಿದಿರಿ. ಅವಳಿಗೆ ಬೇಸರವಾಗಲಿಲ್ಲ, ಸಂತೋಷವಾಯಿತು. ತಾವು ಹೋದ ಮೇಲೆ, ಮಾತು ಹೊರಡದ ಆ ಬಾಯಲ್ಲೇ ನಿಧಾನವಾಗಿ ಹೇಳಿದಳು: "ನಮ್ಮಂಥೋರೇ, ನೋಡಿದ್ರಾ? ಇವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಅರ್ಥ ಆಗತ್ತೆ."

ಆ ತಿಂಗಳು ಕಳೆಯುವುದರೊಳಗೆ ತಿರಸ್ಕಾರದ ಪತ್ರ ಬಂತು. ಕೆಳಗೆ ತಮ್ಮ ರುಜು.

ಸ್ವಾಮಿ, ತಾವು ನಮ್ಮ ಮನೆಗೆ ಬಂದದ್ದಕ್ಕೆ ಏನು ಆಧಾರ? ನಮ್ಮಲ್ಲಿ ಒಂದು ತೊಟ್ಟು ಕಾಫಿ ಕುಡಿಯಲಿಲ್ಲ. ಊರಿನ ಹೋಟೆಲಿನಲ್ಲಿ ಒಂದು ಇಡ್ಲಿ ತಿನ್ನಲಿಲ್ಲ. ತಮ್ಮ ನಿಯಮವನ್ನೇ ಹಿಡಿದು ನೋಡಿದರೆ ತಾವು ಆ ದಿನ ಹಳೇಬೀಡಿನಲ್ಲಿ ಇರಲೇ ಇಲ್ಲ. ನಮ್ಮ ಜಗಲಿಯ ಮೇಲೆ ಕೂತದ್ದು ಯಾರೋ ಬೇರೆಯವರು. ತಮ್ಮ ಊಟದ ಗಂಟನ್ನು ತಾವು ಹೊತ್ತುಕೊಂಡು ತಿರುಗಿದರೆ ಅದು ಆಚಾರ, ನನ್ನ ಹೆಂಡತಿ ಮನೆಯ ಗಂಜಿ ಕುಡಿದರೆ ಅದು ಸುಳ್ಳು ಅರ್ಜಿ. ಇದಕ್ಕಿಂತ ಕಟುವಾಗಿ ಬರೆಯಬೇಕೆಂದಿದ್ದೆ. ಬರೆದ ಸಾಲುಗಳನ್ನು ಕನಕ ಓದಿ ಹೊಡೆದುಹಾಕಿದಳು.

ಹೋದದ್ದು ಹೋಗಲಿ ಎನ್ನುವ ಹಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೆನ್ನೆಯ ಗಂಟು ಕರಗಿದೆ, ಆದರೆ ದವಡೆಯ ಕೆಳಗೆ ಇನ್ನೊಂದು ಕಾಣಿಸಿಕೊಂಡಿದೆ. ದಸರಾ ಕಳೆದೊಡನೆ ಮತ್ತೊಮ್ಮೆ ರೇಡಿಯಂ ಆಗಲೇಬೇಕು, ತಡವಾದರೆ ಕೈಮೀರುತ್ತದೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದಾರೆ. ಆ ವಾರ್ಡಿನ ಮಂಚಕ್ಕೆ ಕಾಯುವವರು ಬಹಳ. ಖರ್ಚಿಗೆ ಹೊಣೆ ಯಾರೆಂಬ ಪತ್ರ ಮುಂಚಿತವಾಗಿ ತಲುಪಬೇಕು. ತಮ್ಮ ಕಚೇರಿಯಾದರೋ, ಮೊದಲ ಸಲ ರೋಗಿಯೇ ಅಲ್ಲದವಳಿಗೆ ಎರಡನೆಯ ಸಲದ ಒಪ್ಪಿಗೆ ಹೇಗೆ ಕೊಡುವುದೆಂದು ಕೈಕಟ್ಟಿ ಕೂತಿದೆ. ನನಗೆ ಭಯವಾಗಿದೆ. ಇದನ್ನು ಸುತ್ತುಬಳಸಿ ಹೇಳಲು ನನಗೆ ಬರುವುದಿಲ್ಲ.

ಮೊನ್ನೆ ಶಾಲೆ ಬಿಟ್ಟು ಮನೆಗೆ ಬಂದಾಗ ನಡುಮನೆಯಲ್ಲಿ ಪಕ್ಕದ ಮನೆಯ ಬಸಮ್ಮ ಒಂದು ಮಡಕೆ ಹಿಡಿದು ನಿಂತಿದ್ದರು. ಅವರ ಮನೆಯ ರಾಗಿ ಅಂಬಲಿಯನ್ನು ಕನಕ ಕೇಳಿ ತರಿಸಿದ್ದಳು. ಇಷ್ಟು ವರ್ಷ ಬಸಮ್ಮ ಹಿತ್ತಲ ಬಾಗಿಲಿಂದ ಈಚೆಗೆ ಬಂದದ್ದು ನಾನು ಕಂಡಿರಲಿಲ್ಲ. ಅವರಿಗೂ ಗಾಬರಿ.

"ನಮ್ಮನೇದು ನೀವು ಕುಡೀತೀರಾ ಅಮ್ಮೋರೇ? ನಾಳೆ ನಂಗೇ ಬಯ್ಯಲ್ಲ ತಾನೆ?"

ನಾನು ಏನಿದು ಎಂದೆ. ಕನಕ ಸ್ಲೇಟು ತೆಗೆದುಕೊಂಡು ಬರೆದಳು: "ಅಭ್ಯಾಸ ಮಾಡ್ಕೋತಿದೀನಿ. ಈ ಸಲ ಆಸ್ಪತ್ರೆ ಊಟವೇ ಉಣ್ತೀನಿ. ಬರ್ಕೊಳ್ಳಲಿ."

ಬಸಮ್ಮನೇ ಒಳಲೆಯಲ್ಲಿ ಹುಯ್ದು ಕುಡಿಸಿದರು. ಕಿರುಬೆರಳು ತೂರುವಷ್ಟೂ ತೆರೆಯದ ಬಾಯಿ. ಅರ್ಧ ಒಳಗೆ ಹೋಯಿತು, ಅರ್ಧ ಸೆರಗಿನ ಮೇಲೆ ಇಳಿಯಿತು. ಕಣ್ಣಲ್ಲಿ ನೀರು ಬರುತ್ತಿದ್ದರೂ ಅವಳು ಬಿಡಲಿಲ್ಲ. ಬಸಮ್ಮನ ಅಂಬಲಿಯಿಂದ ನಮ್ಮ ಮನೆಗೆ ಯಾವ ಕೇಡೂ ಆಗಲಿಲ್ಲ. ಇವಳು ತನ್ನ ಮನಸ್ಸಿನಿಂದಲೇ ಆ ಹಟ ಬಿಟ್ಟಿದ್ದರೆ ನಾನು ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದೆ. ಆದರೆ ತಮ್ಮ ಕಚೇರಿಗೆ ಹೆದರಿ ಬಿಟ್ಟಳು. ನಾನು ಇಷ್ಟು ವರ್ಷ ಜಗಳವಾಡಿ ಬಿಡಿಸಲಾಗದ್ದನ್ನು ತಾವು ಒಂದು ಕಾಗದದಲ್ಲಿ ಬಿಡಿಸಿದಿರಿ. ನನಗೆ ಇಂಥ ಗೆಲುವು ಬೇಕಾಗಿರಲಿಲ್ಲ, ಅಂದು ನಾನು ಹಿತ್ತಲಿಗೆ ಹೋಗಿ ಅತ್ತೆ.

ನಾನು ಕೇಳುವುದಿಷ್ಟೇ. ಕನಕಲಕ್ಷ್ಮಿ ಮಾಘದಲ್ಲಿ ಆ ವಾರ್ಡಿನಲ್ಲಿ ಇದ್ದಳೆಂದು ಒಪ್ಪಿ, ದಸರಾಕ್ಕೆ ಮುಂಚೆ ಆಸ್ಪತ್ರೆಗೆ ಹೊಣೆಯ ಪತ್ರ ಬರೆಯಿರಿ. ಹಾಗೆ ಬರೆಯಲು ಆಗದಿದ್ದರೆ ತಾವೇ ಆಸ್ಪತ್ರೆಗೆ ಬನ್ನಿ. ತಮ್ಮ ಕೂಜವನ್ನೂ ತನ್ನಿ, ಅಡ್ಡಿಯಿಲ್ಲ. ಅವಳ ಮಂಚದ ಪಕ್ಕ ಕೂತು, ಅವಳು ಒಂದು ತುತ್ತು ನುಂಗುವುದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಿ. ಅವಳು ತಮಗಾಗಿ ಕಲಿಯುತ್ತಿದ್ದಾಳೆ. ಮೊನ್ನೆ ಅಂಬಲಿ ಮುಗಿದ ಮೇಲೆ ಸ್ಲೇಟು ಒರೆಸಿ ಬಸಮ್ಮನಿಗೆ ಬರೆದು ತೋರಿಸಿದಳು. ಬಸಮ್ಮನಿಗೆ ಓದು ಬಾರದು, ನಾನು ಓದಿ ಹೇಳಬೇಕಾಯಿತು: "ಉಪ್ಪು ಸರಿಯಾಗಿದೆ."

ಇಂತಿ,
ಆಸ್ಪತ್ರೆಯಲ್ಲಿ ಇರಲೇ ಇಲ್ಲದವಳ ಗಂಡ,
ಗಂಜಿಗೆ ಉಪ್ಪು ಹಾಕಲು ಇನ್ನೂ ಬಾರದ ಮೇಷ್ಟ್ರು
ಅನಂತಸ್ವಾಮಿ
ಹಳೇಬೀಡು, ಭಾದ್ರಪದ, ೧೯೬೩